ಹೆದರಿದವನೇ ಗುಡ್ಡ ಹತ್ತಬೇಕು

ಗುಡ್ಡವೇ ಇಲ್ಲದ ಸೀಮೆಯವರು ಬೆಟ್ಟ ಹತ್ತುವ ಹರಕೆ ಹೊತ್ತರೆ ಎದೆ ಡವಗುಟ್ಟದೆ ಇನ್ನೇನು? ನೆದರ್ಲೆಂಡ್ಸ್‌ನ ಯುರೋಪ್ ಭಾಗದಲ್ಲಿ ಅತಿ ಎತ್ತರದ ಜಾಗವೆಂದರೆ ಸುಮಾರು 322 ಮೀಟರ್. ಆದರೂ 2006ರಿಂದ ಕ್ಯಾನ್ಸರ್ ಪೀಡಿತರಿಗಾಗಿ ದೇಣಿಗೆ ಕೂಡಿಸಲು ಅಲ್ಲಿನವರು ಫ್ರಾನ್ಸಿಗೆ ಹೋಗಿ ಆಲ್ಪ್ ದುಯೆಜ್ ಬೆಟ್ಟವನ್ನು ಸೈಕಲ್ಲಿನಲ್ಲಿ ಹತ್ತುತ್ತಾರೆ. ದಾರಿ 14 ಕಿಲೋಮೀಟರಿಗೆ ತುಸು ಕಡಿಮೆ, ತಿರುವುಗಳು 21, ಏರು ಸರಾಸರಿ ನೂರಕ್ಕೆ ಎಂಟು. ಗಟ್ಟಿಗರು ಒಂದೇ ದಿನ ಆರು ಸಲ ಹತ್ತುತ್ತಾರಂತೆ. ಅವರ ಮಾತು ಬಿಡಿ. ಹೊಸಬನ ಪುಕ್ಕಲುತನವೇ ಅವನ ಒಳ್ಳೆಯ ಕೋಚು ಎಂಬುದು ನನ್ನ ವಾದ. ಈ ದಾರಿಯ ಕಡಿದಾದ ಏರು ಬುಡದಲ್ಲೇ ಇದೆ. ಧೈರ್ಯವಂತ ಅಲ್ಲೇ ಎದ್ದು ನಿಂತು ತುಳಿದು, ನಾಲ್ಕನೆಯ ತಿರುವಿಗೆ ಏದುಸಿರು ಬಿಡುತ್ತಾನೆ. ಅಂಜುಬುರುಕ ಮೊದಲೇ ಹಗುರ ಗೇರಿಗೆ ಇಳಿದಿರುತ್ತಾನೆ. ತಿರುವಿನ ಫಲಕಗಳ ಲೆಕ್ಕವೂ ತಲೆಕೆಳಗು: ಬುಡದಲ್ಲಿ 21, ತುದಿಯಲ್ಲಿ 1. ಸಾಲದ ಕಂತಿನಂತೆ ಇಳಿಯುವ ಆ ಅಂಕಿ ಹೆದರಿದವನಿಗಷ್ಟೇ ಸಮಾಧಾನ ಕೊಡುತ್ತದೆ.

ಇಷ್ಟು ಒದ್ದಾಟದ ಬದಲು ದುಡ್ಡು ಕೊಟ್ಟು ಮನೆಯಲ್ಲಿರಬಾರದೇ ಎನ್ನುವವರಿದ್ದಾರೆ. ಇರಬಹುದು, ಆದರೆ ಆಗ ಬರುವುದು ಒಬ್ಬನ ದುಡ್ಡು ಮಾತ್ರ. 'ಪಾಪ, ಆ ಹೊಟ್ಟೆ ಹೊತ್ತುಕೊಂಡು ಹತ್ತುತ್ತಾನಂತೆ' ಎಂಬ ಮರುಕ ಇಡೀ ಬೀದಿಯ ಜೇಬು ಬಿಚ್ಚಿಸುತ್ತದೆ. ಒಂದು ಕಿಲೋ ಹಗುರವಾದ ಕಾರ್ಬನ್ ಸೈಕಲ್ಲಿಗೆ ಲಕ್ಷ ಸುರಿಯುವುದಂತೂ ವ್ಯರ್ಥ. ಏರಿನಲ್ಲಿ ತೂಗುವುದು ಸೈಕಲ್ಲು ಮತ್ತು ಸವಾರ ಒಟ್ಟಾಗಿ, ಆ ಒಂದು ಕಿಲೋ ರಾತ್ರಿಯೂಟದಲ್ಲೇ ಇಳಿಸಬಹುದು. ನಿಮ್ಮ ನೆಂಟರಲ್ಲಿ ಯಾರಾದರೂ ಇಂಥದ್ದಕ್ಕೆ ಹೆಸರು ಕೊಟ್ಟು ನಡುಗುತ್ತಿದ್ದರೆ, ದಯವಿಟ್ಟು ಧೈರ್ಯ ಹೇಳಬೇಡಿ, ಚಂದಾ ಬರೆಯಿರಿ.