ಗ್ರಾಂಟ್ ರೋಡ್ ಸಿದ್ಧಾಂತ: ವಿಮಾನಾಭಿಮಾನಿಗಳ ಲಕ್ಷಣಕ್ಕೊಂದು ಕಿರುಭಾಷ್ಯ

ಅಥ ಅಭಿಮಾನಿಲಕ್ಷಣಂ ವ್ಯಾಖ್ಯಾಸ್ಯಾಮಃ. ಇನ್ನು ಅಭಿಮಾನಿಯ ಲಕ್ಷಣವನ್ನು ಹೇಳುತ್ತೇವೆ. ಈ ಬಹುವಚನ ಶಾಸ್ತ್ರದ ಮರ್ಯಾದೆಗೆ. ಬರೆಯುತ್ತಿರುವ ಭಾಷ್ಯಕಾರ ಒಬ್ಬನೇ, ಅದೂ ಮುಂಬಯಿಯ ಗ್ರಾಂಟ್ ರೋಡ್ ಸ್ಟೇಷನ್ನಿನ ಪೂರ್ವಕ್ಕಿರುವ ಹೋಟೆಲಿನಲ್ಲಿ ಫ್ಯಾನಿನ ಕೆಳಗಿನ ಟೇಬಲ್ ಹಿಡಿದವನು.

ಮೊದಲು ಪೂರ್ವಪಕ್ಷ. ಅಮೆರಿಕದವರಿಗೆ ಹೈನ್‌ಲೈನ್ ಇದ್ದಾನೆ, ಹಾಲ್ಡ್‌ಮನ್ ಇದ್ದಾನೆ. ಆಕಾಶದಲ್ಲಿ ದಂಡು ಕಟ್ಟಿ ಕಾದಾಡುವ ಕಾದಂಬರಿಗಳಿಗೆ ಅಲ್ಲಿ ಹುಚ್ಚು ಹಿಡಿಸಿಕೊಂಡ ಓದುಗರಿದ್ದಾರೆ. ಕನ್ನಡದವರಿಗೆ ಏನಿದೆ? ಪತ್ತೇದಾರಿ ಇದೆ, ಸಾಂಸಾರಿಕ ಇದೆ, ನವ್ಯ ಬೇಕಾದಷ್ಟಿದೆ. ಸೇನೆಯೂ ಆಕಾಶವೂ ಒಟ್ಟಿಗಿರುವ ಒಬ್ಬ ಲೇಖಕ ಇಲ್ಲ, ಅವನಿಗಾಗಿ ಪ್ರಾಣ ಬಿಡುವ ಓದುಗರಂತೂ ಇಲ್ಲವೇ ಇಲ್ಲ. ಹೀಗೆ ಕೊರಗುವವರನ್ನು ನಾವು ನಿರ್ದಾಕ್ಷಿಣ್ಯವಾಗಿ ಖಂಡಿಸುತ್ತೇವೆ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳನ್ನು ಮರೆತವರು ಮಾತ್ರ ಈ ಮಾತು ಆಡಬಲ್ಲರು.

ಇನ್ನು ಸಿದ್ಧಾಂತ. 1918ರಿಂದ 1923ರ ನಡುವೆ ಶಾಸ್ತ್ರಿಗಳು ಬಾಯಲ್ಲಿ ಹೇಳುತ್ತ ಹೋದರು, ಜಿ. ವೆಂಕಟಾಚಲ ಶರ್ಮರು ಬರೆದುಕೊಳ್ಳುತ್ತ ಹೋದರು. ಎಂಟು ಅಧ್ಯಾಯ, ಸುಮಾರು 3000 ಶ್ಲೋಕಗಳ ‘ವೈಮಾನಿಕ ಶಾಸ್ತ್ರ’ ಸಿದ್ಧವಾಯಿತು. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನ ಡ್ರಾಫ್ಟ್ಸ್‌ಮನ್ ಎಲ್ಲಪ್ಪನವರು 1923ರಲ್ಲಿ ರುಕ್ಮ, ಸುಂದರ, ಶಕುನ, ತ್ರಿಪುರ ಎಂಬ ನಾಲ್ಕು ವಿಮಾನಗಳ ನಕ್ಷೆ ಎಳೆದುಕೊಟ್ಟರು. ಇದರಲ್ಲಿ ನನ್ನದೇನೂ ಇಲ್ಲ, ಭರದ್ವಾಜ ಮಹರ್ಷಿಗಳು ಹೇಳಿಸಿದ್ದು ಎಂದುಬಿಟ್ಟರು ಶಾಸ್ತ್ರಿಗಳು. ಲೇಖಕರ ವಿನಯಕ್ಕೆ ಸಾಹಿತ್ಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ನಮಗೆ ಸಿಕ್ಕಿಲ್ಲ. ನಮ್ಮ ಕಾಲದ ಲೇಖಕರು ಮುನ್ನುಡಿ ಬರೆದವರ ಹೆಸರನ್ನು ಕೂಡ ಸಣ್ಣಕ್ಷರದಲ್ಲಿ ಹಾಕಿಸುತ್ತಾರೆ.

ಹಸ್ತಪ್ರತಿ ಬಹುಕಾಲ ಕತ್ತಲಲ್ಲೇ ಇತ್ತು. 1952ರಲ್ಲಿ ಮೈಸೂರಿನ ಜಿ. ಆರ್. ಜೋಸ್ಯರ್ ಅದರ ಸುದ್ದಿ ಹೊರಹಾಕಿದರು. ಹಿಂದಿ ಅನುವಾದ 1959ರಲ್ಲಿ ಬಂತು. ಹೈನ್‌ಲೈನನ ‘ಸ್ಟಾರ್‌ಶಿಪ್ ಟ್ರೂಪರ್ಸ್’ ಬಂದದ್ದೂ 1959ರಲ್ಲಿ! ಜೋಸ್ಯರರ ಇಂಗ್ಲಿಷ್ ಅನುವಾದ 1973ರಲ್ಲಿ ಅಚ್ಚಾಯಿತು. ಮರುವರ್ಷವೇ ಹಾಲ್ಡ್‌ಮನ್ನನ ‘ದಿ ಫಾರ್‌ಎವರ್ ವಾರ್’ ಬಂತು. ಇದನ್ನು ಕಾಕತಾಳೀಯ ಎನ್ನುವವರು ಎಂದೂ ಸಂಶೋಧನೆ ಮಾಡಿದವರಲ್ಲ. ಎರಡು ಇಸವಿಗಳು ಹೊಂದಿದರೆ ಒಂದು ಪ್ರಬಂಧ, ನಾಲ್ಕು ಹೊಂದಿದರೆ ಡಾಕ್ಟರೇಟ್.

ಒಳಗಿರುವುದು ಶುದ್ಧ ಸೇನಾ ಕಥೆ. ವಿಮಾನ ನಡೆಸುವವನು 32 ರಹಸ್ಯಗಳನ್ನು ಬಲ್ಲವನಾಗಿರಬೇಕು. ವೈರಿ ವಿಮಾನದೊಳಗಿನ ಮಾತುಕತೆಯನ್ನು ಕದ್ದು ಕೇಳುವುದು ಅದರಲ್ಲೊಂದು, ಅದರ ಒಳಗಿನ ಚಿತ್ರವನ್ನು ಇಲ್ಲಿಂದಲೇ ಹಿಡಿಯುವುದು ಇನ್ನೊಂದು. ತನ್ನ ವಿಮಾನ ಮೋಡದಂತೆ ತೋರುವ ಹಾಗೆ ಮಾಡಬೇಕು, ಹಾವಿನಂತೆ ಅಂಕುಡೊಂಕಾಗಿ ಓಡಿಸಬೇಕು, ಎದುರಾಳಿಗಳ ಪ್ರಜ್ಞೆ ತಪ್ಪಿಸಬೇಕು. ತ್ರಿಪುರ ವಿಮಾನವಂತೂ ನೆಲ, ನೀರು, ಗಾಳಿ ಮೂರರಲ್ಲೂ ಸಲ್ಲುತ್ತದೆ. ಚಾಲಕನ ಉಡುಪಿಗೂ ಊಟಕ್ಕೂ ನಿಯಮವಿದೆ. ಋತುವಿಗೆ ತಕ್ಕಂತೆ ಒಮ್ಮೆ ಎಮ್ಮೆಹಾಲು, ಒಮ್ಮೆ ಹಸುವಿನ ಹಾಲು. ನೆನಪಿಡಿ, ಮೊದಲ ಮಹಾಯುದ್ಧದ ವಿಮಾನಗಳು ಬಹುಪಾಲು ಮರ, ಬಟ್ಟೆ, ತಂತಿಗಳವು. ಆ ಕಾಲದಲ್ಲಿ ಇಷ್ಟನ್ನು ಕಲ್ಪಿಸಿ ಅನುಷ್ಟುಪ್ಪಿನಲ್ಲಿ ಕೂರಿಸುವುದು ಹುಡುಗಾಟವಲ್ಲ. ಈ ಒಂದು ವಾಕ್ಯವನ್ನು ನಾವು ಅಣಕವಿಲ್ಲದೆ ಬರೆದಿದ್ದೇವೆ.

ಗ್ರಾಂಟ್ ರೋಡಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಸಂಬಂಧ ಭೌಗೋಳಿಕವಾದದ್ದು. ಸ್ಟೇಷನ್ನಿನಿಂದ ನಡೆದೇ ಮುಟ್ಟಬಹುದಾದ ಗಿರ್ಗಾಂವ್ ಚೌಪಾಟಿಯ ಮರಳಿನ ಮೇಲಿಂದ 1895ರಲ್ಲಿ ಶಿವಕರ್ ಬಾಪೂಜಿ ತಳಪದೆ ಎಂಬವರು ವಿಮಾನ ಹಾರಿಸಿದರು ಎನ್ನುವುದು ಅಭಿಮಾನಿಗಳ ನಂಬಿಕೆ. ಅಂದರೆ ರೈಟ್ ಸಹೋದರರಿಗಿಂತ ಎಂಟು ವರ್ಷ ಮೊದಲು. ತಳಪದೆ ಇದ್ದದ್ದು ನಿಜ, ಚೀರಾಬಜಾರಿನವರು, ಸಂಸ್ಕೃತ ಬಲ್ಲವರು, ಯಂತ್ರದ ಹುಚ್ಚಿದ್ದವರು. ಹಾರಿದ್ದಕ್ಕೆ ಮಾತ್ರ ಆ ಕಾಲದ ಗಟ್ಟಿ ಸಾಕ್ಷಿ ಇಲ್ಲ. ಶಾಸ್ತ್ರಿಗಳ ಮಾರ್ಗದರ್ಶನದಲ್ಲಿ ತಳಪದೆ ಮಾದರಿಗಳನ್ನು ಕಟ್ಟಿದ್ದರು, ಅವು ಮೇಲೇಳಲಿಲ್ಲ ಎಂಬುದು ಶಾಸ್ತ್ರಿಗಳ ಬಳಗದಿಂದಲೇ ಬಂದ ಮಾತು. ಆನೇಕಲ್ಲಿನ ಲೇಖಕನಿಗೆ ಮುಂಬಯಿಯಲ್ಲಿ ಸಿಕ್ಕ ಮೊದಲ ಅಭಿಮಾನಿ ಇವರೇ. ಕೇಳಿ ಸುಮ್ಮನೆ ಕೂರದೆ ಸುತ್ತಿಗೆ ಹಿಡಿದ ಅಭಿಮಾನಿ. ಆಮೇಲಿನವರು ಭಾಷಣ ಮಾತ್ರ ಹಿಡಿದರು.

ಪುಸ್ತಕದಲ್ಲಿ ಹೇಳಿದ್ದನ್ನು ಪೇಟೆಯಲ್ಲಿ ಪರೀಕ್ಷಿಸುವುದೇ ಗ್ರಾಂಟ್ ರೋಡ್ ಪದ್ಧತಿ. ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗದ ಎಲೆಕ್ಟ್ರಾನಿಕ್ ಬಿಡಿಭಾಗ ಭೂಮಂಡಲದಲ್ಲೇ ಇಲ್ಲ ಎಂಬುದು ಮುಂಬಯಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳ ವೇದವಾಕ್ಯ. ಹಾಗಾಗಿ ವಿಮಾನದ ಮೈಗೆ ಬೇಕಾದ ಸೌಮಕ, ಸೌಂಡಾಲಿಕ, ಮೌರ್ತ್ವಿಕ ಎಂಬ ಮೂಲಲೋಹಗಳ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಭಾಷ್ಯಕಾರ ಅಲ್ಲಿಗೆ ನಡೆದ. ಈ ಮೂರನ್ನು ಬೇರೆಬೇರೆ ಪ್ರಮಾಣದಲ್ಲಿ ಬೆರೆಸಿದರೆ ಶಾಖ ಹೀರುವ 16 ಬಗೆಯ ಮಿಶ್ರಲೋಹ ಬರುತ್ತವೆಂದು ಗ್ರಂಥ ಹೇಳುತ್ತದೆ. ಆಳೊಬ್ಬ ಅಡ್ಡಡ್ಡ ನಿಂತರೆ ತುಂಬಿಹೋಗುವ ಅಂಗಡಿ; ಗೋಡೆಗೆ ಗೋಡೆಯೇ ಸಣ್ಣ ಡ್ರಾಯರುಗಳು, ಪ್ರತಿಯೊಂದರ ಮೇಲೆ ಸ್ಕೆಚ್ ಪೆನ್ನಿನ ಅಂಕಿ. ಗಲ್ಲೆಯ ಹಿಂದಿದ್ದವರು ಚೀಟಿಯನ್ನು ಬೆಳಕಿಗೆ ಹಿಡಿದು ಓದಿ, ತಲೆಯೆತ್ತದೆ ಕೇಳಿದರು: “ಕಿತನೇ ವೋಲ್ಟ್ ಕಾ?” ಹೇಳಲಾಗಲಿಲ್ಲ. “ಪುರಾನಾ ಪೀಸ್ ಹೈ ತೋ ಸ್ಯಾಂಪಲ್ ಲಾವೋ.” ಮೂರು ಸಾವಿರ ಶ್ಲೋಕಗಳಿಗೆ ಕೇಳಬೇಕಾದ ಎರಡೇ ಪ್ರಶ್ನೆಗಳನ್ನು ಆ ಮಹಾನುಭಾವರು ಹತ್ತು ಸೆಕೆಂಡಿನಲ್ಲಿ ಕೇಳಿ ಮುಗಿಸಿದರು.

ಅಲ್ಲಿಂದ ಬಂದು ಹೋಟೆಲಿನ ಗಲ್ಲೆಯಲ್ಲಿದ್ದ ನಮ್ಮ ಕಡೆಯ ಯಜಮಾನರಿಗೆ ವಿಷಯ ತಿಳಿಸಿದೆವು. ಅವರು ಚಿಲ್ಲರೆ ಎಣಿಸುತ್ತಲೇ, “ಅದೆಲ್ಲ ಇನ್ನು ಇಲ್ಲಿ ಎಂತ ಉಂಟು ಮಾರಾಯ್ರೆ? ಜರ್ಮನಿಯವರು ಆಗಲೇ ತಕೊಂಡು ಹೋಗಿ ಆಯ್ತಲ್ಲ!” ಎಂದರು. ಅಭಿಮಾನಿಶಾಸ್ತ್ರದ ಮೂಲಸೂತ್ರ ನಮಗೆ ಒಲಿದದ್ದು ಆಗಲೇ: ಯದಲಭ್ಯಂ ತಜ್ಜರ್ಮನೈರ್ಹೃತಮ್. ಯಾವುದು ಸಿಗುವುದಿಲ್ಲವೋ ಅದನ್ನು ಜರ್ಮನ್ನರು ಒಯ್ದಿದ್ದಾರೆ. ಈ ಸೂತ್ರಕ್ಕೆ ಉತ್ತರವಿಲ್ಲ. ಗ್ರಂಥದ ಮಿಕ್ಕ ಭಾಗ ಎಲ್ಲಿ? ಜರ್ಮನಿಯಲ್ಲಿ. ವಿಮಾನದ ಅವಶೇಷ? ಜರ್ಮನಿಯಲ್ಲಿ. ಅಷ್ಟೆಲ್ಲ ಒಯ್ದ ಜರ್ಮನ್ನರು ಎರಡು ಯುದ್ಧಗಳನ್ನು ಸೋತದ್ದೇಕೆ ಎಂದು ಕೇಳಿದರೆ, ಅವರಿಗೆ ಸಂಸ್ಕೃತದ ಉಚ್ಚಾರ ಬರುತ್ತಿರಲಿಲ್ಲ.

ಇನ್ನು ವಿಮರ್ಶೆ. ತಿರುಳುಳ್ಳ ವಿಮರ್ಶೆ ಸಿಗುವ ಭಾಗ್ಯ ಕನ್ನಡನಾಡಿನ ಲೇಖಕರಲ್ಲಿ ಕೆಲವರಿಗೇ ಇದೆ. ಶಾಸ್ತ್ರಿಗಳಿಗೆ ಐದು ಮಂದಿಯಿಂದ ಒಟ್ಟಿಗೆ ಸಿಕ್ಕಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತು ನಾಲ್ವರು ಸಹೋದ್ಯೋಗಿಗಳು 1974ರಲ್ಲಿ ಗ್ರಂಥವನ್ನು ಸಾಲುಸಾಲಾಗಿ ಓದಿ, ನಕ್ಷೆಗಳನ್ನು ಅಳೆದು, ಲೆಕ್ಕ ಹಾಕಿ ಬರೆದರು. ಭಾಷೆ ಪ್ರಾಚೀನದ್ದಲ್ಲ, ಈಚಿನ ಸರಳ ಸಂಸ್ಕೃತ. ಕೃತಿ 1904ಕ್ಕಿಂತ ಹಿಂದಿನದಾಗಲಾರದು. ನಕ್ಷೆಗಳಿಗೂ ಶ್ಲೋಕಗಳಿಗೂ ಹೊಂದಿಕೆಯಿಲ್ಲ. ನಕ್ಷೆಗಳಲ್ಲಿ ಕಾಣುವುದು ಅಂದಿನ ಹೊಸ ಯಂತ್ರಗಳ ಪರಿಚಯ. ಹೇಳಿದ ಹಾಗೆ ಕಟ್ಟಿದರೆ ವಿಮಾನದ ಯಂತ್ರಗಳೇ ಹಾರಾಟಕ್ಕೆ ಅಡ್ಡ ಬರುತ್ತವೆ. ನವ್ಯದ ಕಾಲದಲ್ಲೂ ಇಷ್ಟು ಕಟುವಾದ ಪುಸ್ತಕ ವಿಮರ್ಶೆ ಬಂದಿರಲಾರದು, ಆದರೆ ಕೃತಿಯನ್ನು ಅದರ ಕರ್ತೃವಿಗೆ ಮರಳಿಸಿದವರು ಈ ಐವರೇ. ಇದು ಭರದ್ವಾಜರದ್ದಲ್ಲ, ಇಪ್ಪತ್ತನೇ ಶತಮಾನದ್ದು ಎನ್ನುವುದು ಲೇಖಕನಿಗೆ ಸಲ್ಲುವ ರಾಯಲ್ಟಿ ಅಲ್ಲವೆ? ಅಭಿಮಾನಿಗಳು ಇವರನ್ನು ಶಾಸ್ತ್ರಿದ್ವೇಷಿಗಳೆಂದು ತಿಳಿದರು. ಆನೇಕಲ್ಲಿನ ಒಬ್ಬ ಮನುಷ್ಯ ತನ್ನ ತಲೆಯಿಂದ ಇಷ್ಟನ್ನು ಹುಟ್ಟಿಸಿದ ಎಂದು ಒಪ್ಪಲು ಮಾತ್ರ ಅವರಿಗೆ ಸಂಕಟ.

ಈ ಸಂಕಟದ ಮದ್ದು ಗ್ರಾಂಟ್ ರೋಡಿನಲ್ಲೇ ಇದೆ. ಲ್ಯಾಮಿಂಗ್ಟನ್ ರೋಡಿನ ಮಿನರ್ವ ಟಾಕೀಸಿನಲ್ಲಿ 1975ರಲ್ಲಿ ಬಿಡುಗಡೆಯಾದ ‘ಶೋಲೆ’ ಐದು ವರ್ಷ ಓಡಿತು. ಜನ ಹತ್ತಾರು ಸಲ ನೋಡಿದರು, ಡೈಲಾಗುಗಳನ್ನು ಬಾಯಿಪಾಠ ಮಾಡಿದರು, ಪರದೆಗೆ ಚಿಲ್ಲರೆ ಎಸೆದರು. ಗಬ್ಬರ್ ಸಿಂಗ್ ಯಾವ ತಾಲ್ಲೂಕಿನವನು, ಅವನ ಬಂದೂಕನ್ನು ಜರ್ಮನ್ನರು ಒಯ್ದರೇ ಎಂದು ಒಬ್ಬನೂ ಕೇಳಲಿಲ್ಲ. ಆಟ ಮುಗಿದ ಮೇಲೆ ಹೊರಬಂದು ವಡಾಪಾವ್ ತಿಂದು ಲೋಕಲ್ ಹಿಡಿದರು. ಅಭಿಮಾನಕ್ಕೆ ಇಷ್ಟು ಬುದ್ಧಿ ಸಾಕು.

ಅಂಥ ಬುದ್ಧಿ ಉತ್ತರಕ್ಕೆ ಹೋದಂತೆ ತೆಳುವಾಗುತ್ತದೆ. 2015ರ ಜನವರಿಯಲ್ಲಿ ಕಲಿನಾದ ಮುಂಬಯಿ ವಿಶ್ವವಿದ್ಯಾಲಯದ ಆವರಣದಲ್ಲಿ ನಡೆದ 102ನೇ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಈ ಕಾದಂಬರಿ ವಿಜ್ಞಾನದ ವೇದಿಕೆಯನ್ನೇ ಏರಿತು. ಪ್ರಾಚೀನ ವಿಮಾನಗಳು ಎಡಕ್ಕೆ, ಬಲಕ್ಕೆ, ಹಿಂದಕ್ಕೆ, ಗ್ರಹದಿಂದ ಗ್ರಹಕ್ಕೆ ಸಹ ಹೋಗುತ್ತಿದ್ದವು ಎಂದು ಅಲ್ಲಿ ಪ್ರಬಂಧ ಮಂಡನೆಯಾಯಿತು. ಅದೇ ತಿಂಗಳ ಕೊನೆಗೆ ತಳಪದೆಯ ಮೇಲೆ ‘ಹವಾಯಿಜಾದಾ’ ಎಂಬ ಹಿಂದಿ ಸಿನಿಮಾ ಬಂತು. ಎರಡರಲ್ಲಿ ಹೆಚ್ಚು ಪ್ರಾಮಾಣಿಕವಾದದ್ದು ಸಿನಿಮಾ. ಅದಕ್ಕೆ ಟಿಕೆಟ್ ಕೊಟ್ಟು ಕಥೆ ಎಂದೇ ತೋರಿಸಿದರು. ಮುಂದಕ್ಕೂ ಹಿಂದಕ್ಕೂ ತಿರುಗದೆ ಚಲಿಸುವ ಯಂತ್ರದ ಬಗ್ಗೆ ಹೇಳುವುದಾದರೆ, ಎರಡೂ ತುದಿಯಲ್ಲಿ ಚಾಲಕನ ಕ್ಯಾಬಿನ್ ಇರುವ ಅಂಥದೊಂದು ಗ್ರಾಂಟ್ ರೋಡಿನ ಪ್ಲಾಟ್‌ಫಾರ್ಮಿಗೆ ಕೆಲವು ನಿಮಿಷಕ್ಕೊಮ್ಮೆ ಬರುತ್ತದೆ. ಅದರ ಚಾಲಕರಿಗೆ ಎಮ್ಮೆಹಾಲಿನ ವ್ಯವಸ್ಥೆ ಇರುವಂತೆ ಕಾಣುವುದಿಲ್ಲ.

ಹೆಸರಿನ ವಿಚಾರದಲ್ಲೂ ಈ ಬೀದಿಯಿಂದ ಕಲಿಯಬೇಕಾದದ್ದಿದೆ. ಬೀದಿಗೆ ಹೆಸರು ಕೊಟ್ಟ, 1835ರಿಂದ 1838ರವರೆಗೆ ಮುಂಬಯಿಯ ಗವರ್ನರ್ ಆಗಿದ್ದ ರಾಬರ್ಟ್ ಗ್ರಾಂಟ್ ಕ್ರೈಸ್ತ ಸ್ತೋತ್ರಗೀತೆಗಳನ್ನು ಬರೆದ ಕವಿಯೂ ಹೌದು. ಬೋರ್ಡಿನಲ್ಲಿ ಈಗ ಮೌಲಾನಾ ಶೌಕತ್ ಅಲಿ ರೋಡ್ ಎಂದಿದೆ, ಲ್ಯಾಮಿಂಗ್ಟನ್ ರೋಡಿಗೆ ಡಾ. ಭಡಕಮ್‌ಕರ್ ಮಾರ್ಗ ಎಂದಿದೆ. ಟ್ಯಾಕ್ಸಿಯವನಿಗೆ ಹಳೆಯ ಹೆಸರೇ ಬೇಕು. ಬೋರ್ಡ್ ಒಬ್ಬರದು, ಬಳಕೆ ಇನ್ನೊಬ್ಬರದು ಎಂಬುದನ್ನು ಗಲಾಟೆಯಿಲ್ಲದೆ ಒಪ್ಪಿಕೊಂಡ ಜನ ಇವರು. ವೈಮಾನಿಕ ಶಾಸ್ತ್ರದ ಬೋರ್ಡಿನಲ್ಲಿ ಭರದ್ವಾಜರು ಇರಲಿ, ಮಹರ್ಷಿಗಳಿಗೆ ನಮ್ಮ ನಮಸ್ಕಾರ.

ಪುಸ್ತಕದ ಕಪಾಟಿನಲ್ಲಿ ಮಾತ್ರ ನ್ಯಾಯ ಆಗಲೇಬೇಕು. ಆದ್ದರಿಂದ ಕನ್ನಡ ಪ್ರಕಾಶಕರಲ್ಲಿ ಒಂದು ಮನವಿ. ಇದನ್ನು ಒಳ್ಳೆಯ ಕನ್ನಡಕ್ಕೆ ತಂದು, ಮುಖಪುಟದ ಮೇಲೆ ‘ಆನೇಕಲ್ ಸುಬ್ಬರಾಯ ಶಾಸ್ತ್ರಿ’ ಎಂದು ದಪ್ಪಕ್ಷರದಲ್ಲಿ ಹಾಕಿ, ಅದರ ಕೆಳಗೆ ‘ಚಿತ್ರಗಳು: ಎಲ್ಲಪ್ಪ’ ಎಂದಿರಲಿ. ಬೆನ್ನುಡಿಗೆ ಐವರು ಪ್ರಾಧ್ಯಾಪಕರ ಅಭಿಪ್ರಾಯವನ್ನು ಒಂದಕ್ಷರ ಬಿಡದೆ ಮುದ್ರಿಸಿ. ವರ್ಗ: ಕಾದಂಬರಿ. ಮೊದಲ ಪ್ರತಿಯನ್ನು ನಮಗೆ ವಿ.ಪಿ.ಪಿ. ಮೂಲಕ ಕಳಿಸಿ; ಹಣ ಕೊಟ್ಟೇ ಬಿಡಿಸಿಕೊಳ್ಳುತ್ತೇವೆ.