ಸಾವಿರ ಲ್ಯುಮೆನ್ ಸಂಸಾರ

(ರಾತ್ರಿ ಎಂಟೂವರೆ. ಬೀದಿಗೆಲ್ಲ ಕರೆಂಟಿಲ್ಲ. ತಾರಸಿಯ ಮೇಲೆ ರಾಯರು, ಮುಂದೆ ಸಾಲಾಗಿ ಟಾರ್ಚುಗಳು.)

ಪದ್ದಮ್ಮ: ರೀ, ಒಂದು ಟಾರ್ಚು ಕೊಡಿ. ಸಾರಿಗೆ ಉಪ್ಪು ಹಾಕ್ಬೇಕು.

ರಾಯರು: ತಡಿಯೇ, ಹೋಲಿಸ್ತಾ ಇದೀನಿ. ಈ ಬೆರಳುದ್ದದ್ದು ಸಾವಿರ ಲ್ಯುಮೆನ್, ಆ ಮೊಳದುದ್ದದ್ದೂ ಸಾವಿರ. ಆದ್ರೆ ದೊಡ್ಡದಕ್ಕೆ ಥ್ರೋ ಜಾಸ್ತಿ!

ಪದ್ದಮ್ಮ: ಎಸೆಯೋದಾದ್ರೆ ಹೇಳಿ, ನಾನೂ ಕೈಜೋಡಿಸ್ತೀನಿ.

ರಾಯರು: ಅದಲ್ವೇ! ರಿಫ್ಲೆಕ್ಟರು ಅಗಲ ಇದ್ದಷ್ಟೂ ಬೆಳಕು ದೂರ ಹೋಗುತ್ತೆ. ಇದು ಆರುನೂರು ಮೀಟರ್.

ಪದ್ದಮ್ಮ: ಅಲ್ಲಿ ಯಾರಿದಾರೆ?

ರಾಯರು: ಯಾರೂ ಇಲ್ಲ. 0.25 ಲಕ್ಸ್ ಇರುತ್ತೆ. ಅಂದ್ರೆ ಹುಣ್ಣಿಮೆ ಬೆಳಕಿನಷ್ಟು.

ಪದ್ದಮ್ಮ: ಹುಣ್ಣಿಮೆ ತಿಂಗಳಿಗೊಂದು ಪುಕ್ಕಟೆ ಬರುತ್ತಲ್ರೀ. ಇದಕ್ಕೆಷ್ಟು ಕೊಟ್ರಿ?

ರಾಯರು: (ಕೆಮ್ಮಿ) ಚಿಕ್ಕದಕ್ಕೊಂದು ಐಬು. ಟರ್ಬೋ ಒತ್ತಿದ್ರೆ ಎರಡು ನಿಮಿಷಕ್ಕೆ ಕಾದು, ತಾನೇ ಮಂಕಾಗುತ್ತೆ.

ಪದ್ದಮ್ಮ: ಇರ್ಲಿ ಬಿಡಿ, ಗ್ಯಾಸು ಮುಗಿದಾಗ ಹಾಲಿಡ್ತೀನಿ.

ನಾಗಪ್ಪ: (ಬೀದಿಯಿಂದ) ರಾಯರೇ! ಸ್ವಲ್ಪ ಬೆಳಕು ಬಿಡಿ! ಪೈಪಿಗೆ ಅಗೆದ ಗುಂಡೀಲಿ ಚಪ್ಪಲಿ ಬಿತ್ತು!

ರಾಯರು: ಎಷ್ಟು ಆಳ?

ನಾಗಪ್ಪ: ಮೂರಡಿ.

ರಾಯರು: ಛೇ! ಅಷ್ಟು ಹತ್ತಿರಕ್ಕೆ ಯಾವುದೂ ಸರಿಹೋಗಲ್ಲಪ್ಪ. ಆ ಗುಡ್ಡದ ಹತ್ರ ಏನಾದ್ರೂ ಬಿದ್ದಿದ್ರೆ ಹೇಳು.

ನಾಗಪ್ಪ: ಆ ಕಡೆ ನಮ್ಮ ವಾರ್ಡ್ ಮೆಂಬರ್ ಮನೆ ಇದೆ. ಅಲ್ಲಿ ಗುಂಡೀನೇ ಇಲ್ವಲ್ಲ ಸ್ವಾಮಿ!

ಪದ್ದಮ್ಮ: ಇರು ನಾಗಣ್ಣ, ಮೇಣದಬತ್ತಿ ತರ್ತೀನಿ.

ರಾಯರು: ಮೇಣದಬತ್ತೀನಾ? ಒಂದೇ ಒಂದು ಕ್ಯಾಂಡೆಲಾ ಕಣೇ ಅದು! ಮಾನ ಹೋಗುತ್ತೆ!

ನಾಗಪ್ಪ: ಸಿಕ್ತು ಅಕ್ಕಾ! ಪಕ್ಕದಲ್ಲಿ ಇನ್ಯಾರದ್ದೋ ಜೋಡೀನೂ ಇದೆ.