ಹಳೇ ಟ್ರ್ಯಾಕ್ಟರ್ ಕ್ರಯಮೀಮಾಂಸೆ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂಬ ಚತುಷ್ಪೀಠಗಳಲ್ಲಿ ಪ್ರಚಲಿತವಿರುವ ಸೆಕೆಂಡ್‌ಹ್ಯಾಂಡ್ ಟ್ರ್ಯಾಕ್ಟರ್ ದರ್ಶನಕ್ಕೆ ಭಾಷ್ಯಕಾರರಾರೂ ಕೈಹಾಕಿದಂತಿಲ್ಲ. ಈ ಕಿರುಪ್ರಬಂಧದ ಪ್ರತಿಪಾದ್ಯ ಒಂದೇ: ಮಾರುವವನ ಮೌನ.

ಮೊದಲು ಪ್ರಮಾಣ ವಿಚಾರ. ಪ್ರತ್ಯಕ್ಷವನ್ನು ಇಲ್ಲಿ ಯಾರೂ ನಂಬರು. ಪೇಂಟಿನ ವಾಸನೆ ಆರುವ ಮುಂಚೆಯೇ ಗಾಡಿ ನೋಡಲು ಕರೆದಿರುತ್ತಾರೆ. ಹವರ್ ಮೀಟರೇ ಆಪ್ತವಾಕ್ಯ ಎನ್ನುವ ಪಂಥವೊಂದಿದೆ. ಆದರೆ ಕೇಬಲ್ ಕಿತ್ತ ದಿನದಿಂದ ಅದೂ ಮೌನವ್ರತಿ. ಕ್ಲಚ್ ಪೆಡಲಿನ ಸವೆದ ರಬ್ಬರು ಮಾತ್ರ ಸುಳ್ಳಾಡದು.

ಉಳಿದದ್ದು ಅನುಮಾನ. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿಯುಂಟು ಎಂದ ನೈಯಾಯಿಕರು ಹೊಗೆಯ ಬಣ್ಣ ಕೇಳಲಿಲ್ಲ. ಹಿರೇಕೆರೂರಿನ ಗೋವಿನಜೋಳದ ರೈತ ಕೇಳುತ್ತಾನೆ. ನೀಲಿಯಾದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ, ರಿಂಗು, ಲೈನರು ಸವೆದಿವೆ. ಕಪ್ಪಾದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಕಾದಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಗಿಳಿದಿರಬಹುದು. ಇದಕ್ಕೆ ಪ್ರತಿತಂತ್ರವೂ ಉಂಟು: ಗಿರಾಕಿ ಬರುವ ಮುಂಚೆ ಅರ್ಧ ತಾಸು ಎಂಜಿನ್ ಓಡಿಸಿ ಕಾಯಿಸಿಡುವುದು. ಅದಕ್ಕೇ ಬಲ್ಲವರು ಚಹಾ ಕುಡಿಯುವ ಮೊದಲು ಬಾನೆಟ್ ಎತ್ತಿ ಬ್ಲಾಕಿನ ಮೇಲೆ ಅಂಗೈ ಇಡುತ್ತಾರೆ. ಬೆಚ್ಚಗಿದ್ದರೆ ಮರುದಿನ ಮುಂಜಾನೆ ಹೇಳದೆ ಬರುತ್ತಾರೆ.

ಶಿಗ್ಗಾಂವಿಯಲ್ಲಿ ಪುಣೆ-ಬೆಂಗಳೂರು ಹೆದ್ದಾರಿ ಇದೆಯೆಂದು ಅಲ್ಲಿ ಓಡಿಸಿ ತೃಪ್ತರಾಗಬಾರದು. ನೇಗಿಲು ಕಟ್ಟಿ ಹೊಲಕ್ಕಿಳಿಸಬೇಕು. ಹಾನಗಲ್ಲಿನ ಭತ್ತದ ಗದ್ದೆಯ ಕೆಸರು ತುಳಿದ ಗಾಡಿಯಾದರೆ ಎಕ್ಸೆಲ್ ಸೀಲಿನ ಬಳಿ ಬಗ್ಗಿ ನೋಡಬೇಕು.

ಈಗ ಮೂಲ ಪ್ರಮೇಯ. ಸವಣೂರಿನ ವೀಳ್ಯದೆಲೆ ಬಾಯಲ್ಲಿರುವವನು ಮಾತಾಡಲಾರ. ಇದು ಶಾರೀರಿಕ ಸತ್ಯ. “ಗೇರ್‌ಬಾಕ್ಸ್ ಹೆಂಗೈತ್ರಿ?” ಎಂದರೆ ಗದ್ದ ಮೇಲೆತ್ತಿ “ಊಂ” ಅನ್ನುತ್ತಾನೆ. ಇದು ಮೋಸವೇ? 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮು ಡೀಸೆಲ್ ಎಂಜಿನ್ ಹುಟ್ಟುವ ಮುಂಚೆಯೇ ಕುದುರೆಯ ನೆಪದಲ್ಲಿ ಉತ್ತರಿಸಿದೆ. ಐಬಿನ ಕುದುರೆಯನ್ನು ಹರಾಜಿನಲ್ಲಿ ಮಾರುವವನು ಸುಮ್ಮನಿದ್ದರೆ ಮೋಸವಲ್ಲ. ಕೊಳ್ಳುವವಳು ಆಗತಾನೇ ಪ್ರಾಯಕ್ಕೆ ಬಂದ ಮಗಳಾದರೆ ಹೇಳಲೇಬೇಕು. (ಅಳಿಯನ ಪ್ರಸ್ತಾಪವಿಲ್ಲ. ಬೀಗರೊಳಗೇ ಗಾಡಿ ಕೈಬದಲಾಗುವ ನಮ್ಮ ಕಡೆ ಇದು ದೊಡ್ಡ ಲೋಪ.) “ನೀನು ಅಲ್ಲ ಅನ್ನದಿದ್ದರೆ ಕುದುರೆ ಚೆನ್ನಾಗಿದೆ ಎಂದೇ ತಿಳಿಯುತ್ತೇನೆ” ಎಂದು ಕೊಳ್ಳುವವನು ಹೇಳಿಬಿಟ್ಟರೆ ಮಾತ್ರ ಆಮೇಲಿನ ಮೌನವೂ ಮಾತೇ.

ಆದ್ದರಿಂದ ಸಂಚಕಾರ ಕೊಡುವಾಗ ನಾಲ್ಕು ಮಂದಿಯೆದುರು ಪಠಿಸಬೇಕಾದ ಮಹಾಮಂತ್ರ: “ಕಾಕಾ, ಎಂಜಿನ್, ಗೇರ್‌ಬಾಕ್ಸ್ ಎಲ್ಲಾ ಬರೋಬರಿ ಐತಿ ಅಂತ ತಿಳಕೊಂಡ ರೊಕ್ಕಾ ಕೊಡಾಕತ್ತೀನಿ. ಇಲ್ಲ ಅನ್ನೂದಿದ್ರ ಈಗ ಹೇಳಿಬಿಡ್ರಿ.” ಎದ್ದುಹೋಗಿ ಎಲೆ ಉಗುಳಿ ಬಂದು ಬಾಯಿಬಿಟ್ಟವನು ಸಜ್ಜನ, ಇನ್ನೊಂದು ಎಲೆಗೆ ಸುಣ್ಣ ಹಚ್ಚತೊಡಗಿದವನ ಗಾಡಿ ಬೇಡ.

ಸಾಲದ ಮಟ್ಟಿಗೆ ಯಾರ ಮಾತೂ ಪ್ರಮಾಣವಲ್ಲ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಎನ್‌ಒಸಿ, 35ನೇ ನಮೂನೆ ಕೈಗೆ ಬರುವವರೆಗೆ ಪೂರ್ತಿ ರೊಕ್ಕ ಬಿಚ್ಚಬಾರದು. ಮಾರಿದವನು 14 ದಿನದಲ್ಲಿ, ಕೊಂಡವನು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಹೆಸರು ಬದಲಾಗದೆ ಅಪಘಾತವಾದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವನದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ರೊಕ್ಕ ಎಣಿಸಿಕೊಂಡು ಮನೆಗೆ ಹೊರಟವರು ದಯವಿಟ್ಟು ಈ ಕೊನೆಯ ವಾಕ್ಯಗಳನ್ನು ಎರಡು ಸಲ ಓದಿಕೊಳ್ಳಿ.